ಹದಿನಾಲ್ಕನೇ ಸಾಲು

ಸುಳ್ಳುಗಾರ, ಹಸಿ ಸುಳ್ಳುಗಾರ ಕಣೋ ನೀನು, ಎಂದು ನಾನು ಕೂಗಿದ ಕೂಡಲೇ ಡೆಸ್ಮಂಡನ ಎಡಗಿವಿ ಕೆಂಪಾಯಿತು, ಯಾವಾಗಲೂ ಎಡಗಿವಿಯೇ ಮೊದಲು, ಬಲಗಿವಿಗೆ ಸುದ್ದಿ ಮುಟ್ಟಲು ಅರ್ಧ ನಿಮಿಷ ಬೇಕು, ಪಾಲುದಾರರಾಗಿ ಮೂರು ವರ್ಷ ಒಂದೇ ಮೇಜಿಗೆ ಕೂತವರಿಗೆ ಇಂಥದ್ದೆಲ್ಲ ಗೊತ್ತಾಗಿಬಿಡುತ್ತದೆ — ಮೆಲ್ಲಗೆ ಮಾತಾಡು ಲೊರೇನ್, ಆಕೆ ಕೆಳಗೆ ಕಾರು ನಿಲ್ಲಿಸ್ತಾ ಇದ್ದಾಳೆ, ಎನ್ನುತ್ತಾನೆ, ನಿಲ್ಲಿಸಲಿ, ನಾನೇನು ಕದ್ದಿದ್ದೀನಾ, ತೋಟದವರಿಗೆ ಹೋಗೋ ಸಂದೇಶ ಎಲ್ಲ ಕಂಪ್ಯೂಟರ್ ತಾನೇ ಬರೆಯುತ್ತೆ ಅಂತ ಆಕೆಗೆ ಯಾಕೋ ಹೇಳ್ದೆ, ಬರೆಯೋಳು ನಾನು, ಬರೆಯೋದು ಈ ಹೆಬ್ಬೆರಳು — ಎಲ್ಲ ಹೊಸ ಕಂಪನಿಗಳೂ ಹೀಗೇ ಶುರುವಾಗೋದು, ಮೊದಲು ಕೈಯಲ್ಲಿ ಮಾಡೋದು, ಆಮೇಲೆ ಯಂತ್ರಕ್ಕೆ ಕಲಿಸೋದು, ಮುಂದಿನ ಚಳಿಗಾಲಕ್ಕೆ ಯಂತ್ರಾನೇ ಬರೆಯುತ್ತೆ, ಆಗ ಸುಳ್ಳು ತಾನಾಗೇ ನಿಜ ಆಗುತ್ತೆ, ಎಂದ ಅವನು, ಆಹಾ, ಹಾಗಾದರೆ ಅಲ್ಲಿಯವರೆಗೆ ನಾನು ಯಂತ್ರದ ಮರಿ, ನಗು ಬಂತು, ಸಿಟ್ಟಿನ ಮಧ್ಯೆ ನಗು ಬಂದರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ ನನಗೆ. ಆಕೆ ಇವತ್ತು ಹಣ ಹೂಡಲು ಸಹಿ ಹಾಕಿದರೆ ಕಂಪನಿ ಉಳಿಯುತ್ತದೆ, ಹಾಕದಿದ್ದರೆ ಮೇ ತಿಂಗಳಲ್ಲಿ ಬಾಗಿಲಿಗೆ ಬೀಗ, ನಾನು ಮತ್ತೆ ಶಾಲೆಯ ಬಸ್ಸಿನ ಸ್ಟೀರಿಂಗ್ ಹಿಂದೆ, ಡೆಸ್ ಮತ್ತೆ ಬಾಸ್ಟನ್‌ನಲ್ಲಿ ಅವನಮ್ಮನ ಮನೆಯಲ್ಲಿ, ಅದು ಅವನಿಗೂ ಗೊತ್ತು, ಮೆಟ್ಟಿಲ ಮೇಲೆ ಹೆಜ್ಜೆ, ತೆಳ್ಳನೆ ಅಟ್ಟೆಯ ಪೇಟೆ ಷೂ, ಈ ಹಿಮದಲ್ಲಿ ಯಾರಾದರೂ ಅದನ್ನು ಹಾಕಿಕೊಂಡು ಬರುತ್ತಾರೆಯೇ.

ಬಂದಳು, ಮಾರ್ಗೋ ವಿಟ್‌ಲಾಕ್, ಬೆಳ್ಳಿ ಕೂದಲು, ಕೈ ಹಿಡಿದರೆ ಗಟ್ಟಿ, ಪರವಾಗಿಲ್ಲ ಹೆಂಗಸು, ಹಳೆಯ ಹಾಲಿನ ಡೇರಿಯ ಅಟ್ಟವೇ ನಿಮ್ಮ ಕಚೇರಿಯಾ, ಚೆನ್ನಾಗಿದೆ, ಎಂದಳು, ಡೆಸ್ ಗೋಡೆಯ ಮೇಲೆ ಚಿತ್ರ ಹಾಕಿ ಮಾತು ಶುರುಮಾಡಿದ, ಅವನ ಬಾಯಲ್ಲಿ ನಮ್ಮ ಗುಡ್ಡ ಎಷ್ಟು ಸಲೀಸು. ಕೆಲಸ ಇರುವುದು ಇಷ್ಟೇ, ಮಾರ್ಚಿನಲ್ಲಿ ರಾತ್ರಿ ಹೆಪ್ಪುಗಟ್ಟಿ ಹಗಲು ಬಿಸಿಲು ಬಿದ್ದರೆ ಮೇಪಲ್ ಮರದಲ್ಲಿ ರಸ ಇಳಿಯುತ್ತದೆ, ಕುದಿಸಿದರೆ ಸಿಹಿ ಪಾಕ, ಮರದಿಂದ ಮರಕ್ಕೆ ನೀಲಿ ಕೊಳವೆ, ಕೆಳಗೆ ಪಂಪು ಕೂತು ಎಳೆಯುತ್ತದೆ, ಎಲ್ಲೋ ಮೇಲೆ ಒಂದು ಅಳಿಲು ಕೊಳವೆ ಕಡಿದರೆ ಗಾಳಿ ನುಗ್ಗಿ ಎಳೆತ ಸತ್ತುಹೋಗುತ್ತದೆ, ಆ ತೂತನ್ನು ನಾನು ಅಪ್ಪನ ತೋಟದಲ್ಲಿ ಮೂವತ್ತು ವರ್ಷ ಹುಡುಕಿದ್ದೇನೆ, ಒಂದು ದಿನ ಸೊಂಟದವರೆಗೆ ಹಿಮದಲ್ಲಿ ಹೂತು ನಿಂತು ಈ ಹಾಳು ಕೊಳವೆಗಳಿಗೆ ಬಾಯಿ ಇರಬಾರದಿತ್ತೇ ಎಂದು ಶಪಿಸಿದೆ, ಸ್ಕೀ ಆಡಲು ಬಂದು ಕಾಲು ಮುರಿದುಕೊಂಡು ನಮ್ಮೂರಲ್ಲಿ ಉಳಿದಿದ್ದ ಡೆಸ್ಮಂಡ್, ಬಾಯಿ ನಾನು ಕೊಡ್ತೀನಿ ಎಂದ, ಅಷ್ಟೇ, ಕಂಪನಿ. ಕೊಳವೆಯ ಸಾಲಿಗೊಂದು ಪೆಟ್ಟಿಗೆ, ಪೆಟ್ಟಿಗೆ ಎಳೆತದ ಅಂಕಿ ಕಳಿಸುತ್ತದೆ, ಅಂಕಿ ನನ್ನ ಫೋನಿಗೆ ಬರುತ್ತದೆ, ತೂತು ಎಲ್ಲಿರಬಹುದೆಂದು ಊಹಿಸಿ ನಾನು ತೋಟದವನಿಗೆ ಬರೆಯುತ್ತೇನೆ, ಏಳೋ ಸೋಂಬೇರಿ, ಒಂಬತ್ತನೇ ಸಾಲು, ಬಿದ್ದ ಮರದ ಪಕ್ಕ, ಕಾಫಿ ಆಮೇಲೆ ಕುಡಿ. ಅರವತ್ತೆರಡು ತೋಟ, ಒಂದು ಹೆಬ್ಬೆರಳು.

ಮೊದಲ ವರ್ಷದ ಕಥೆಯನ್ನು ಡೆಸ್ ಹೇಳಲಾರ, ಹೇಳಿದರೆ ಈ ಹೆಂಗಸು ನಕ್ಕು ನಕ್ಕು ಸಹಿ ಹಾಕುತ್ತಿದ್ದಳೇನೋ, ಪರಿಸರಕ್ಕೆ ಒಳ್ಳೆಯದು ಎಂದು ಪೆಟ್ಟಿಗೆಯ ತಂತಿಗೆಲ್ಲ ಸೋಯಾ ಅವರೆಯಿಂದ ಮಾಡಿದ ಹೊದಿಕೆ ತರಿಸಿದ್ದ, ಇನ್ನೂರು ಪೆಟ್ಟಿಗೆ ಕಟ್ಟಿದೆವು, ವಾರ ಕಳೆಯುವುದರೊಳಗೆ ಅಳಿಲುಗಳು ಕೊಳವೆ ಬಿಟ್ಟು ತಂತಿ ತಿನ್ನಲು ಕೂತವು, ಕಾವಲಿಗೆ ಇಟ್ಟದ್ದನ್ನೇ ಕಳ್ಳನಿಗೆ ಊಟಕ್ಕೆ ಬಡಿಸಿದ್ದೆವು, ಆಗ ಕಲಿತೆ, ಏನು ಕೊಳ್ಳುವುದಿದ್ದರೂ ಮೊದಲು ಒಂದು ತುಂಡು ಕಾಡಿನಲ್ಲಿ ಬಿಟ್ಟು ನೋಡಬೇಕು. ಎರಡನೇ ವರ್ಷ ಕಲಿತದ್ದು, ಇದು ಬಂದರೆ ಕೊಳ್ತೀರಾ ಎಂದು ನೆಂಟರನ್ನು ಕೇಳಬಾರದು, ಎಲ್ಲರೂ ಹೂಂ ಎಂದರು, ಕೊಂಡದ್ದು ನನ್ನ ತಂಗಿ ಒಬ್ಬಳೇ, ಅವಳಿಗೆ ಮೇಪಲ್ ಮರವೇ ಇಲ್ಲ. ಈ ವರ್ಷದ್ದು ಹೋದ ವಾರ ಕಲಿತೆ, ನನಗೆ ಹೇಳದೆ ಡೆಸ್ ಒಂದು ದಿನ ಯಂತ್ರದ ಕೈಯಲ್ಲಿ ಬರೆಸಿದ, ಮಾನ್ಯ ಗ್ರಾಹಕರೇ, ನಿಮ್ಮ ಏಳನೇ ವಲಯದಲ್ಲಿ ಒತ್ತಡದ ವ್ಯತ್ಯಾಸ ಕಂಡುಬಂದಿದೆ, ಒಬ್ಬನೂ ಹಾಸಿಗೆ ಬಿಟ್ಟು ಏಳಲಿಲ್ಲ, ಮುದುಕ ವೆಂಡೆಲ್ ಮಾತ್ರ ಫೋನ್ ಮಾಡಿದ, ಲೊರೇನ್, ನಿನ್ನ ಫೋನು ಯಾರೋ ಕದ್ದಿದ್ದಾರೆ ಕಣೇ, ಮಾನ್ಯ ಅಂತಾನೆ ನನ್ನ, ಪೊಲೀಸಿಗೆ ಹೇಳ್ಲಾ.

ನಮ್ಮ ಯಂತ್ರ ಬರೆದ ಮೇಲೆ ಗ್ರಾಹಕರು ಒಂಬತ್ತು ನಿಮಿಷದಲ್ಲಿ ಗುಡ್ಡ ಹತ್ತುತ್ತಾರೆ, ಎಂದು ಡೆಸ್ ಈಗ ಗೋಡೆ ತೋರಿಸುತ್ತಿದ್ದಾನೆ, ಒಂಬತ್ತು ನಿಮಿಷ ನನ್ನ ಬೈಗುಳದ್ದು, ಇನ್ನೆಲ್ಲೂ ಇಂಥದ್ದು ನೋಡಿಲ್ಲ, ಹೇಗೆ ಕಲಿಸಿದ್ರಿ ಅದಕ್ಕೆ, ಎಂದು ಮಾರ್ಗೋ ನನ್ನ ಕಡೆ ತಿರುಗಿದಳು, ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಮೇಲೆ ಫೋನು ನಡುಗಿತು, ವೆಂಡೆಲ್‌ನ ತೋಟದ ಪೆಟ್ಟಿಗೆ, ಹದಿನಾಲ್ಕನೇ ಸಾಲು, ಎಳೆತ ಅರ್ಧಕ್ಕೆ ಬಿದ್ದಿದೆ, ಕಿಟಕಿಯಾಚೆ ಬಿಸಿಲು, ಸೂರಿನಿಂದ ನೀರು ಧಾರೆ, ಈ ವರ್ಷದ ಅತ್ಯುತ್ತಮ ದಿನ ಇದೇ, ವೆಂಡೆಲ್‌ಗೆ ಎಪ್ಪತ್ತನಾಲ್ಕು, ಹದಿನಾಲ್ಕನೇ ಸಾಲಿನಲ್ಲಿ ಅವನ ಅರ್ಧ ತೋಟ ಇದೆ. ಮುಟ್ಟಬೇಡ, ಎಂದಿತು ಡೆಸ್‌ನ ಕಣ್ಣು, ಮುಟ್ಟಿದರೆ ಆಕೆ ನೋಡುತ್ತಾಳೆ, ಮುಟ್ಟದಿದ್ದರೆ ವೆಂಡೆಲ್ ಕೂತೇ ಇರುತ್ತಾನೆ, ಏನೂ ತೊಂದರೆ ಇಲ್ಲ, ಇದ್ದಿದ್ದರೆ ಲೊರೇನ್ ಬೈತಿದ್ದಳು ಎಂದುಕೊಂಡು — ಅದೇ ತಾನೇ ಅವನು ಕೊಂಡದ್ದು, ಪೆಟ್ಟಿಗೆಯನ್ನಲ್ಲ, ಲೊರೇನ್ ನೋಡ್ತಾ ಇದ್ದಾಳೆ ಎನ್ನುವುದನ್ನು. ಹತ್ತು ನಿಮಿಷ ತಡೆದರೆ ಸಹಿ, ಹತ್ತೇ ನಿಮಿಷ, ಹೆಬ್ಬೆರಳು ಆಗಲೇ ಹೊರಟಿತ್ತು, ಏ ಮುದಿಯಾ, ಹದಿನಾಲ್ಕು, ಮೇಲಿನ ಬಂಡೆ ಹತ್ರ, ಓಡು. ಅಯ್ಯೋ ಲೊರೇನ್, ಎಂದ ಡೆಸ್, ಜೋರಾಗಿಯೇ.

ಮಾರ್ಗೋ ಬಗ್ಗಿ ಓದಿದಳು, ಆಕೆಯ ಹುಬ್ಬು ಮೇಲೆ ಹೋಯಿತು, ಇದು ಯಂತ್ರಾನಾ, ಎಂದಳು. ಅಲ್ಲ ಕಣಮ್ಮ, ನಾನೇ, ಮೂರು ವರ್ಷದಿಂದ ನಾನೇ, ಎಂಟು ತರಗತಿಗೂ ಒಂದೇ ಕೋಣೆ ಇದ್ದ ಶಾಲೆಯಲ್ಲಿ ಕಲಿತವಳು ನಾನು, ಸುಳ್ಳು ಹೇಳಿದರೆ ಮೂಲೆಯಲ್ಲಿ ನಿಲ್ಲಿಸ್ತಿದ್ರು, ಈಗ ಬೇಕಾದ್ರೆ ಇವನನ್ನ ನಿಲ್ಲಿಸಿ. ಡೆಸ್‌ನ ಬಲಗಿವಿಯೂ ಕೆಂಪು, ಆಕೆ ನಗುತ್ತಾಳೋ ಸಿಡಿಯುತ್ತಾಳೋ ತಿಳಿಯಲಿಲ್ಲ, ಅಷ್ಟರಲ್ಲಿ ವೆಂಡೆಲ್‌ನ ಉತ್ತರ, ಬರಕ್ಕಾಗಲ್ಲ ಲೊರೇನ್, ಕೊಪ್ಪರಿಗೆ ಕುದೀತಿದೆ, ಬಿಟ್ರೆ ಪಾಕ ಸೀದೋಗುತ್ತೆ, ಹೆಂಡ್ತಿ ಆಸ್ಪತ್ರೇಲಿ, ನಾನೊಬ್ನೇ. ನಾನು ಎದ್ದೆ, ಬೂಟು ಹೀಟರಿನ ಪಕ್ಕ, ಒಂದು ಇನ್ನೂ ಒದ್ದೆ. ಈಗ ಎದ್ದು ಹೋದ್ರೆ ವಾಪಸ್ ಬರ್ಬೇಡ ನೀನು, ಎಂದ ಡೆಸ್, ಪಾಪ, ಎರಡು ಚಳಿಗಾಲ ಆ ಮುರಿದ ಕಾಲಲ್ಲೇ ನನ್ನ ಹಿಂದೆ ಗುಡ್ಡ ಹತ್ತಿದವನು, ನಿಮ್ಮ ಯಂತ್ರ ಗುಡ್ಡಾನೂ ಹತ್ತುತ್ತಾ, ಎಂದು ಮಾರ್ಗೋ ಹಿಂದಿನಿಂದ ಕೂಗಿ ಕೇಳಿದಳು, ಹತ್ತುತ್ತೆ, ಮಂಡಿ ಮಾತ್ರ ಕಿರುಗುಟ್ಟುತ್ತೆ, ಎಂದು ಮೆಟ್ಟಿಲಿಳಿದೆ, ಯಾರೋ ನಕ್ಕರು, ಆಕೆಯೋ ಡೆಸ್ಸೋ, ತಿರುಗಿ ನೋಡಲಿಲ್ಲ.

ಈಗ ವೆಂಡೆಲ್‌ನ ಗುಡ್ಡ, ಹಿಮ ಮೇಲೆ ಗಟ್ಟಿ ಒಳಗೆ ಮೆತ್ತಗೆ, ಪ್ರತಿ ಮೂರನೇ ಹೆಜ್ಜೆಗೆ ಮಂಡಿಯವರೆಗೆ, ಉಸಿರು ಕಟ್ಟುತ್ತದೆ, ಐವತ್ತಮೂರು ವರ್ಷ, ಆದರೂ ಎಷ್ಟು ಹಗುರ, ಹಾಡಬೇಕೆನಿಸುತ್ತದೆ, ಕಂಪನಿ ಹೋಯಿತೇನೋ, ಹೋದರೆ ಬಸ್ಸು, ಬಸ್ಸಿನ ಮಕ್ಕಳಿಗೂ ನನ್ನ ಬೈಗುಳ ಇಷ್ಟವೇ, ಉಳಿದರೆ ನನ್ನ ಹೆಸರಲ್ಲೇ ಉಳಿಯಬೇಕು, ಯಂತ್ರ ಬೇಡ, ನನ್ನಂಥ ಬಾಯಿಬಡುಕಿಯನ್ನು ಕಣಿವೆಗೊಬ್ಬಳಂತೆ ಕೆಲಸಕ್ಕಿಟ್ಟರಾಯಿತು, ಅದು ಮಾರ್ಗೋಗೆ ಹೊಳೆಯಲಿ, ನಾನಂತೂ ಹೇಳಲು ವಾಪಸ್ ಹೋಗುವುದಿಲ್ಲ — ಇಗೋ, ಕೊಳವೆಯೊಳಗೆ ಗುಳ್ಳೆಗಳು, ನೀಲಿಯಲ್ಲಿ ಬೆಳ್ಳಗೆ, ಒಂದರ ಹಿಂದೆ ಒಂದು ಓಡುತ್ತಿವೆ, ಗುಳ್ಳೆ ಓಡುತ್ತಿದ್ದರೆ ತೂತು ಮೇಲಿದೆ, ನಿಂತರೆ ತೂತು ಮುಚ್ಚಿದೆ, ಗುಳ್ಳೆಗಳ ಎದುರಿಗೆ ನಡೆ ಲೊರೇನ್, ಅಪ್ಪ ಹೇಳುತ್ತಿದ್ದುದು, ಜೇಬಿನಲ್ಲಿ ಫೋನು, ಡೆಸ್, ಬಡಿದುಕೊಳ್ಳಲಿ, ಗುಳ್ಳೆಗಳು, ಬಂಡೆ, ಅಲ್ಲಿ, ಹಾವಿನ ಹಾಗೆ ಬುಸ್ ಎನ್ನುತ್ತಿದೆ, ಅಳಿಲು ಕಡಿದ ಭಾಗ ಕತ್ತರಿಸಿದೆ, ಹೊಸ ತುಂಡು, ಕೈ ಮರಗಟ್ಟಿದೆ, ತಳ್ಳು, ಇನ್ನೂ ತಳ್ಳು, ಕೂತಿತು. ಬುಸ್ ನಿಂತಿತು. ಮತ್ತೆ ಫೋನು, ಸಹಿ ಆಯಿತು ಎನ್ನಲಿಕ್ಕೋ, ಎಲ್ಲ ಮುಗಿಯಿತು ಎನ್ನಲಿಕ್ಕೋ, ಇರಲಿ, ಗುಳ್ಳೆಗಳು ನಿಧಾನವಾಗುತ್ತಿವೆ, ಎರಡು, ಈಗ ಒಂದು, ಬಿಸಿಲು ಬಿದ್ದ ನೀಲಿ ಕೊಳವೆಯಲ್ಲಿ ಒಂದೇ ಗುಳ್ಳೆ, ಹೆಬ್ಬೆರಳಿನುಗುರಿನಷ್ಟು, ನಿಂತಿದೆ, ಗುಳ್ಳೆ, ನಿಂತಿದೆ —