ಕನ್ನಡಿಯ ಮೇಲೆ ಉರುಳಿದ ಪುಶ್‌ರಾಡ್

ಮೊದಲ ಪುಶ್‌ರಾಡನ್ನು ಮಾದೇವ ಕನ್ನಡಿಯ ಮೇಲಿಟ್ಟು ಬೆರಳಿನಿಂದ ತಳ್ಳಿದ. ಟಕಟಕ ಸದ್ದು ಮಾಡುತ್ತ ಉರುಳಿತು. ಡೊಂಕು. ಎಂಜಿನ್ನಿನ ಒಳಗೆ ನಿಂತು ವಾಲ್ವುಗಳನ್ನು ಎತ್ತಿ ಇಳಿಸುವ ಆ ಗೇಣುದ್ದದ ಕಡ್ಡಿ ಕೂದಲೆಳೆಯಷ್ಟು ಬಾಗಿದ್ದರೂ ಗಾಜಿನ ಮೇಲೆ ಚಾಡಿ ಹೇಳುತ್ತದೆ. ನೆಟ್ಟಗಿದ್ದರೆ ಬೆಕ್ಕಿನಂತೆ ಸದ್ದಿಲ್ಲದೆ ಹೋಗುತ್ತದೆ. ಇದು ಶಂಕ್ರಪ್ಪ ಕಲಿಸಿದ ವಿದ್ಯೆ. ಕಲಿಸಿದವನು ಎದುರಿನ ಜಗಲಿಯಲ್ಲಿ ಗೋಡೆಗೆ ಒರಗಿ, ಕಾಲು ಮಡಚಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಕೂತಿದ್ದ. ಬೆಳಿಗ್ಗೆಯೇ ಸತ್ತಿದ್ದ.

ಅವರ ಮಂದಿಯಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕುಣಿಯೊಳಗೂ ಕೂತೇ ಇಳಿಯಬೇಕು. ಹಾಗೆ ಕೂರಿಸಿದಾಗ ಶಂಕ್ರಪ್ಪನ ಮುಖ ನೇರ ಅಂಗಳಕ್ಕೆ, ಕವರು ಕಳಚಿ ಕರುಳು ತೋರಿಸುತ್ತ ನಿಂತ ಬುಲೆಟ್ ಬೈಕಿಗೆ ತಿರುಗಿತು. ಗಾಡಿಯನ್ನು ಸರಿಸೋಣವೆಂದು ನಾಲ್ಕು ಗಂಡಾಳು ದೂಡಿದರು, ಜಗ್ಗಲಿಲ್ಲ. ಗೇರಿನಲ್ಲಿತ್ತೆಂದು ಆಮೇಲೆ ಹೇಳಿದರು. ಆಗ ಮಾತ್ರ ಯಾರೂ ಎರಡನೇ ಸಲ ಕೈ ಹಚ್ಚಲಿಲ್ಲ.

"ಅರ್ಧಕ್ಕ ಬಿಟ್ಟ ಕೆಲಸ ನೋಡ್ಕೋತ ಕುಂದರೂದು ಬ್ಯಾಡ ಅವ್ರು. ಮುಚ್ಚಿಬಿಡು ಮಾದೇವಣ್ಣ" ಎಂದಿದ್ದಳು ಶಂಕ್ರಪ್ಪನ ಹೆಂಡತಿ ದೇವಕ್ಕ.

ಆ ಬುಲೆಟ್ಟೇನು ಸಾಮಾನ್ಯದ್ದಲ್ಲ. ಅದು ದಾಸನಕೊಪ್ಪದಲ್ಲಿ ಕೆಮ್ಮಿದರೆ ಗುಡ್ನಾಪುರದ ಕೆರೆಯಲ್ಲಿ ಮೀನು ಮಗ್ಗಲು ಬದಲಿಸುತ್ತಿದ್ದವು. ಶಂಕ್ರಪ್ಪ ಅದನ್ನು ಹತ್ತಿ ಲಗ್ನಕ್ಕೆ ಹೋದರೆ ಬ್ಯಾಂಡಿನವರು ವಾದ್ಯ ಕೆಳಗಿಡುತ್ತಿದ್ದರು. ಅದರ ಹೊಡೆತಕ್ಕೆ ಶಾಲೆಯ ಗಂಟೆ ಒಮ್ಮೆ ತಾನಾಗಿ ಬಾರಿಸಿಕೊಂಡಿತ್ತಂತೆ. ಎರಡು ಸಲ ಎನ್ನುವವರೂ ಇದ್ದಾರೆ. ಹೋದ ವಾರ ಕೆರೆಯ ಏರಿಯ ಮೇಲೆ ಬಿದ್ದು ಎಂಜಿನ್ ಕವರು ಸೀಳಿತ್ತು. ಶಿರಸಿಯಿಂದ ಹೊಸ ಕವರು ತಂದ ಶಂಕ್ರಪ್ಪ, ಹೇಗೂ ಬಿಚ್ಚುತ್ತೇನಲ್ಲ ಎಂದು ಪುಶ್‌ರಾಡನ್ನೂ ಬದಲಿಸಲು ಹೊರಟಿದ್ದ. ಹಳೇ ಜೋಡಿ, ಅಂಗಡಿಯ ಜೋಡಿ, ಗುಜರಿಯಿಂದ ಆರಿಸಿ ತಂದ ಜೋಡಿ. ಮೂರರಲ್ಲಿ ಒಂದನ್ನು ಆರಿಸಲೆಂದೇ ಹೆಂಡತಿಯ ಕನ್ನಡಿಯನ್ನು ಗೋಡೆಯಿಂದ ಇಳಿಸಿ ಅಂಗಳದಲ್ಲಿ ಹಾಸಿದ್ದ.

ಈಗ ಮಾದೇವ ಉರುಳಿಸುವ ಒಂದೊಂದು ಕಡ್ಡಿಯೂ ಕನ್ನಡಿಯೊಳಗಿನ ಶಂಕ್ರಪ್ಪನ ಹಣೆಯ ಮೇಲಿಂದಲೇ ದಾಟಿ ಹೋಗುತ್ತಿತ್ತು.

ದೇವಕ್ಕ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದಾಗ ಬುಲೆಟ್ ಸದ್ದು ಕೇಳಿತು. ರಿಪೇರಿ ಮುಗಿಯಿತು, ಗಾಡಿ ಓಡಿಸಿ ನೋಡಲು ಕೆರೆಯ ಕಡೆ ಹೋದರು ಅಂದುಕೊಂಡೆ. ಆಮೇಲೆ ಯಾರೋ ನರಳಿದಂತಾಯಿತು, ಎಮ್ಮೆ ಇರಬೇಕೆಂದು ಏಳಲಿಲ್ಲ. ರೊಟ್ಟಿ ಮುಗಿಸಿ ಬಂದರೆ ಗಾಡಿಯ ಬದಿಯಲ್ಲೇ ಬಿದ್ದಿದ್ದರು.

ಯಲ್ಲಾಪುರದಲ್ಲಿ ಲಾರಿ ಓಡಿಸುವ ಮೈದುನ ರವೀಂದ್ರ ಆಗತಾನೇ ಬಂದಿದ್ದ. ಸಮಾಧಾನ ಹೇಳುವ ಭರದಲ್ಲಿ ಒಂದು ಕಡ್ಡಿಯನ್ನು ಎತ್ತಿ ತೋರಿಸಿದ. "ಅತ್ತಿಗಿ, ಇವು ಹೊರಗಿದ್ರ ಗಾಡಿ ಉಸುರೂ ಬಿಡೂದಿಲ್ಲ. ನೀವು ಕೇಳಿದ್ದು ಬ್ಯಾರೆ ಯಾರದೋ."

"ಲಗ್ನಾದಾಗಿಂದ ಕೇಳೇನಿ. ನನಗ ಗೊತ್ತಾಗೂದಿಲ್ಲೇನು?"

ಅಷ್ಟು ಹೇಳಿ ದೇವಕ್ಕ ಅವನ ಕೈಯಲ್ಲಿದ್ದ ಕಡ್ಡಿಯನ್ನೇ ನೋಡಿದಳು. ಗಾಡಿ ಚಾಲೂ ಆಗಿರದಿದ್ದರೆ ಅವಳು ಕೇಳಿದ್ದೇನು? ಆ ನರಳಿಕೆ ಯಾರದು? ಎದ್ದು ಬಂದಿದ್ದರೆ? ಅವಳ ಮುಖದಲ್ಲಿ ಅದು ಎಲ್ಲರಿಗೂ ಕಾಣುತ್ತಿತ್ತು. ಯಾರೂ ಅತ್ತ ನೋಡಲಿಲ್ಲ.

ಮುದುಕ ಶಿವಲಿಂಗಪ್ಪ ಮಾತು ತಿರುಗಿಸಿದ. "ಗಾಡಿ ಸರಿಯಾಗೂ ತನಕ ಅಂವ ಏಳೂದಿಲ್ಲ ತಗಿ. ಸಣ್ಣಾಂವಿದ್ದಾಗಿಂದ್ಲೂ ಹಂಗ."

ಎಲ್ಲರೂ ನಕ್ಕರು, ಹೆಣದ ಕಡೆ ಒಮ್ಮೆ ನೋಡಿ ನಗು ನಿಲ್ಲಿಸಿದರು.

*

ದೇವಕ್ಕ ಚೀರಿದಾಗ ಮೊದಲು ಓಡಿಬಂದವನು ಪಕ್ಕದ ಮನೆಯ ಮಾದೇವನೇ. ಶಂಕ್ರಪ್ಪನನ್ನು ಎತ್ತಲು ಬಗ್ಗಿದಾಗ ಆಸರೆಗೆಂದು ಅವನ ಅಂಗೈ ಎಂಜಿನ್ನಿನ ಮೇಲೆ ಬಿತ್ತು. ಎಂಜಿನ್ ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಿತ್ತು. ಪುಶ್‌ರಾಡುಗಳು ಹಿಂದಿನ ಸಂಜೆಯೇ ಹೊರಬಂದಿದ್ದವು. ಬಿಚ್ಚುವಾಗ ದೀಪ ಹಿಡಿದವನೂ ಮಾದೇವನೇ. "ನಾಳೆ ಆರಿಸೂಣು" ಎಂದು ಶಂಕ್ರಪ್ಪ ಕೈ ಒರೆಸಿಕೊಂಡಿದ್ದ.

ಆದರೂ ಆ ಬೆಳಿಗ್ಗೆ, ದೇವಕ್ಕ ಚೀರುವುದಕ್ಕೆ ಬಹಳ ಮುಂಚೆ, ಹಲ್ಲುಜ್ಜುತ್ತ ನಿಂತ ಮಾದೇವನಿಗೂ ಬುಲೆಟ್ಟಿನ ಆ ಸದ್ದು ಕೇಳಿತ್ತು.

ಅದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಂಬುವವರಾದರೂ ಯಾರು? ಮಾದೇವನ ಮಾತನ್ನು ಊರು ಹತ್ತಕ್ಕೊಂದರಂತೆ ಕೇಳುತ್ತಿತ್ತು. ಅವನು ಹುಲಿ ಕಂಡೆನೆಂದರೆ ಬೆಕ್ಕೂ ಕಂಡಿರಲಿಕ್ಕಿಲ್ಲ ಎನ್ನುತ್ತಿದ್ದರು.

*

ಗುಜರಿಯ ಜೋಡಿ ಸದ್ದಿಲ್ಲದೆ ಉರುಳಿತು. ಮಾದೇವ ಅದನ್ನೇ ಒಳಗಿಳಿಸಿ, ಎರಡು ಬೆರಳಲ್ಲಿ ತಿರುವಿ ನೋಡಿದ. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು. ಹೊಸ ಕವರು ಕೂರಿಸಿ ಸ್ಕ್ರೂ ಬಿಗಿಯುವ ಹೊತ್ತಿಗೆ ಭಜನೆಯವರು ತಾಳ ಕೈಗೆತ್ತಿಕೊಂಡಿದ್ದರು. ದೇವಕ್ಕ ಎದ್ದು ಬಂದು ಅವನೆದುರು ಕುಕ್ಕರಗಾಲಲ್ಲಿ ಕೂತಳು.

"ಮಾದೇವಣ್ಣ, ಇವತ್ತೊಂದಿನ ಉಪ್ಪುಖಾರ ಹಚ್ಚಬ್ಯಾಡ. ಮೊದಲ ಬಂದಾಂವ ನೀನ. ಎಂಜಿನ್ ಮುಟ್ಟಿದ್ದಿಯಲ್ಲ, ಬಿಸಿ ಇತ್ತೋ ಇಲ್ಲೋ?"

ಅವನ ನಾಲಗೆಗೆ ಎಲ್ಲ ಬಂದವು. ಅಂಗೈ ಸುಟ್ಟು ಬೊಬ್ಬೆ ಎದ್ದಿತು, ಅದರ ಮೇಲೆ ಊರಿಗೆಲ್ಲ ರೊಟ್ಟಿ ಬೇಯಿಸಬಹುದಿತ್ತು, ಹೊಗೆ ಬನವಾಸಿಗೆ ಕಾಣುತ್ತಿತ್ತು. ಎಲ್ಲವನ್ನೂ ನುಂಗಿಕೊಂಡ.

"ಬೆಚ್ಚಗಿತ್ತು" ಎಂದ.

"ಅಷ್ಟನ?"

"ಅಷ್ಟ. ಚಾಲೂ ಮಾಡಿ ನೋಡ್ಯಾನ, ಆಮ್ಯಾಲ ಕಡ್ಡಿ ತಗದಾನ. ಎದಿ ಹಿಡಕೊಂಡದ್ದು ಆವಾಗ, ಒಮ್ಮಿಗೇ. ನೀ ಬಂದಿದ್ರೂ ಏನೂ ಆಗ್ತಿರಲಿಲ್ಲ ಅಕ್ಕಾ."

ರವೀಂದ್ರ ಬಾಯಿ ತೆರೆದ. ಮಾದೇವನ ಮುಖ ನೋಡಿ ಟವೆಲಿನಿಂದ ತನ್ನ ಮುಖ ಒರೆಸಿಕೊಂಡ. ದೇವಕ್ಕ ತಲೆಯಾಡಿಸಿದಳು. ಮಾದೇವ ಇಷ್ಟು ಸಣ್ಣ ಮಾತು ಆಡಿದ್ದನ್ನು ಅವಳು ಹುಟ್ಟಾ ಕೇಳಿರಲಿಲ್ಲ, ಅದಕ್ಕೇ ನಂಬಿದಳು. ಆ ದಿನ ಮೊದಲ ಬಾರಿಗೆ ಬಾಯಿಬಿಟ್ಟು ಅತ್ತಳು.

ಶಂಕ್ರಪ್ಪನನ್ನು ಕೂತ ಭಂಗಿಯಲ್ಲೇ ಹೂವು ಕಟ್ಟಿದ ಪಲ್ಲಕ್ಕಿಯಂಥ ವಿಮಾನದಲ್ಲಿ ಹೊತ್ತು ಹೊಲಕ್ಕೆ ಒಯ್ದರು. ಕುಣಿಯೊಳಗೆ ಇಳಿಸಿ, ವಿಭೂತಿ ಗಟ್ಟಿ ಇಟ್ಟು, ಬಿಲ್ವಪತ್ರಿ ಏರಿಸಿದ್ದಾಯಿತು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕತೊಡಗಿದರು. ಮಾದೇವನ ಸರದಿ ಬಂತು. ಆಳದಿಂದ ತೆಗೆದ ಹಸಿ ಮಣ್ಣು. ಬಿಸಿಲೂ ಅತ್ತ ಬಿದ್ದಿರಲಿಲ್ಲ. ಬಗ್ಗಿ ಮುಷ್ಟಿ ತುಂಬಿಕೊಂಡ.

ಮಣ್ಣು ಬೆಚ್ಚಗಿತ್ತು.

"ಹಾಕು ಮಾದೇವಣ್ಣ" ಎಂದ ಹಿಂದೆ ನಿಂತ ರವೀಂದ್ರ. ಮಾದೇವ ಕುಣಿಯ ಮೇಲೆ ಮುಷ್ಟಿ ಚಾಚಿ ನಿಂತೇ ಇದ್ದ. ಬೆರಳು ಬಿಚ್ಚಲಿಲ್ಲ.