ಇಂಗೆಗೆರ್ಡ್ ಅವರ ಕಾಲಿನ ಸದ್ದು

ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಊರಿನ ವೃದ್ಧಾಶ್ರಮವೊಂದರಲ್ಲಿ ಹನ್ನೆರಡು ಮಂದಿಯ ಕಾಲು ತೊಳೆದು, ಒರೆಸಿ, ಬಿಗಿ ಕಾಲುಚೀಲ ಹಾಕುವುದು ನನ್ನ ಕೆಲಸ. ಇತಿಹಾಸದ ಎಂ.ಎ. ಅದಕ್ಕೆ ಅಡ್ಡಿಯಾಗಲಿಲ್ಲ. ಬೆಳಿಗ್ಗೆ ಫೋನ್ ಬಂದರೆ ಕೆಲಸ ಇದೆ, ಇಲ್ಲದಿದ್ದರೆ ಇಲ್ಲ. ಎದುರು ಮಾತಾಡುವವನಲ್ಲವೆಂದು ನನಗೇ ಹೆಚ್ಚು ಫೋನ್ ಬರುತ್ತಿತ್ತು. ನನ್ನ ಮೌನವನ್ನು ನಾನು ಚಿಂತನೆ ಎಂದುಕೊಂಡಿದ್ದೆ.

ಏಳನೇ ಕೋಣೆಯ ಇಂಗೆಗೆರ್ಡ್‌ಗೆ ಎಂಬತ್ತನಾಲ್ಕು. ಹಾಲಿವುಡ್‌ನ ಹಾಡು-ಕುಣಿತದ ಸಿನಿಮಾಗಳಿಗೆ ಹನ್ನೊಂದು ವರ್ಷ ಕುಣಿದವರು. ಒಂದರಲ್ಲೂ ಅವರ ಮುಖವಿಲ್ಲ.

"ಕ್ಯಾಮೆರಾ ಮುಂದೆ ಹೀರೋಯಿನ್ ಕುಣಿಯೋಳು. ಶೂ ಸದ್ದು ಆಗ ಹಿಡೀತಿರ್ಲಿಲ್ಲ. ಆಮೇಲೆ ಪರದೆ ನೋಡ್ತಾ ಅದೇ ಹೆಜ್ಜೆ ನಾನು ಹಾಕ್ತಿದ್ದೆ, ಮೈಕು ನನ್ನ ಕಾಲ ಹತ್ರ. ಜನ ಕೇಳಿದ್ದು ನನ್ನ ಕಾಲು. ಯಾರಿಗೂ ಹೇಳ್ಬಾರ್ದು ಅಂತ ಸಹಿ ಹಾಕಿಸ್ಕೊಂಡಿದ್ರು. ಮಂಡಿ ಹೋಯ್ತು, ವಾಪಸ್ ಊರಿಗೆ ಹಡಗು ಹತ್ತಿಸಿದ್ರು."

"ಇಷ್ಟು ವರ್ಷ ಯಾಕೆ ಸುಮ್ನಿದ್ರಿ?"

"ನೀನ್ಯಾಕೆ ಸುಮ್ನಿದ್ದೀಯ?"

ಕಾಲುಚೀಲವನ್ನು ತಿರುವುಮುರುವಾಗಿ ಹಾಕಿಬಿಟ್ಟೆ.

ಶುಕ್ರವಾರ ಅವರ ಕಾಲಿನ ಸಿನಿಮಾವನ್ನೇ ಆಶ್ರಮದಲ್ಲಿ ತೋರಿಸುವವರಿದ್ದರು. "ಆ ಕಾಲು ನನ್ನದು" ಎಂದು ಇಂಗೆಗೆರ್ಡ್ ಫಿಕಾ ಎನ್ನುವ ಕಾಫಿ ವಿರಾಮದಲ್ಲಿ ಎಲ್ಲರಿಗೂ ಹೇಳಿದರು. ಮೇಲ್ವಿಚಾರಕ ಸೋಮಶೇಖರ ನನ್ನನ್ನು ಸ್ಟೋರ್ ರೂಮಿಗೆ ಕರೆದರು. ಕನ್ನಡ ಅವರ ಬಾಯಿಗೆ ಬರುತ್ತಿದ್ದುದು ಅಲ್ಲಿ ಮಾತ್ರ.

"ಮುಜೀಬ್, ಅಜ್ಜಿ ಹೆಲ್ತ್ ಜರ್ನಲ್‌ನಲ್ಲಿ 'ಭ್ರಮೆ, ಗೊಂದಲ' ಅಂತ ಎರಡು ಲೈನ್ ಹಾಕಿ. ಅಜ್ಜಿನ ಕೆಳಗಡೆ ಶಿಫ್ಟ್ ಮಾಡೋಣ."

ಕೆಳಗಿರುವುದು ಮರೆವಿನವರ ವಾರ್ಡ್, ಬಾಗಿಲಿಗೆ ಸದಾ ಬೀಗ. ಅಲ್ಲೊಂದು ಹಾಸಿಗೆ ಖಾಲಿಯಿತ್ತು. ಖಾಲಿ ಹಾಸಿಗೆಗೆ ಕಮ್ಯೂನ್, ಅಂದರೆ ಇಲ್ಲಿಯ ನಗರಸಭೆ, ಹಣ ಕೊಡುವುದಿಲ್ಲ.

"ಅವ್ರು ಹೇಳೋದು ನಿಜ ಇದ್ರೆ ಸರ್?"

"ನಿಜ ಕಟ್ಕೊಂಡು ಏನ್ರೀ ಮಾಡ್ತೀರಾ? ಪರ್ಮನೆಂಟ್ ಲಿಸ್ಟ್ ನನ್ ಕೈಲಿದೆ."

ನಾನು ತಲೆಯಾಡಿಸಿದೆ. ಆ ಕೆಲಸದಲ್ಲಿ ನನ್ನ ತಲೆ ಚೆನ್ನಾಗಿ ಪಳಗಿತ್ತು.

ಶುಕ್ರವಾರ ಮಧ್ಯಾಹ್ನ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿದೆವು. ಟಿ.ವಿ. ರಿಮೋಟ್ ನನ್ನ ಕೈಯಲ್ಲಿತ್ತು. ನಾಯಕಿ ಮೆಟ್ಟಿಲಿಳಿದು ಬಂದಳು. ಇಂಗೆಗೆರ್ಡ್ ಗಾಲಿಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು, ಎರಡೂ ಕೈಯಲ್ಲಿ ಕಾಫಿ ಚಮಚ. ನಾನು ಧೈರ್ಯವಂತನಲ್ಲ. ಆದರೆ ಸದ್ದಡಗಿಸುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ. ಗುಂಡಿ ಒತ್ತಿದೆ.

ನಾಯಕಿ ಸದ್ದಿಲ್ಲದೆ ಕುಣಿದಳು. ಇಂಗೆಗೆರ್ಡ್ ಅವರ ಚಮಚಗಳು ಮಡಿಲಲ್ಲಿದ್ದ ತಟ್ಟೆಯ ಮೇಲೆ ಬಡಿಯತೊಡಗಿದವು. ಹಿಮ್ಮಡಿ, ತುದಿ, ಹಿಮ್ಮಡಿ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಅವಳು ಗಕ್ಕನೆ ನಿಂತಾಗ ಚಮಚಗಳೂ ಗಕ್ಕನೆ ನಿಂತವು.

"ಸೌಂಡ್ ಹಾಕ್ರೀ!" ಸೋಮಶೇಖರ ಎಲ್ಲರೆದುರು ಕನ್ನಡದಲ್ಲೇ ಕೂಗಿದರು.

"ಬರ್ತಾ ಇದೆಯಲ್ಲ ಸರ್."

ಹಿಂದಿನ ಸಾಲಿನ ಮುದುಕರೊಬ್ಬರು ಊರುಗೋಲಿನಿಂದ ನೆಲ ಕುಟ್ಟಿದರು. ಪಕ್ಕದವರೂ ಕುಟ್ಟಿದರು. ಆಮೇಲೆ ಇಡೀ ಹಾಲ್.

ಸಂಜೆ ಜರ್ನಲ್‌ನಲ್ಲಿ ಬರೆದೆ: "ಏಳನೇ ಕೋಣೆ. ನೆನಪು ಚೊಕ್ಕವಾಗಿದೆ. ಸಿನಿಮಾದ ಕಾಲು ಇವರದೇ. ಇಡೀ ಹಾಲ್ ಸಾಕ್ಷಿ." ಕೆಳಗೆ ನನ್ನ ಪೂರ್ತಿ ಹೆಸರು. ಎಂ.ಎ. ಮುಗಿದ ಮೇಲೆ ನಾನು ಬರೆದ ಮೊದಲ ಇತಿಹಾಸ ಅದು.

ಸೋಮವಾರದಿಂದ ಫೋನ್ ಬರಲಿಲ್ಲ. ಗುರುವಾರ ನಾನೇ ಹೋದೆ. ಭೇಟಿಗೆ ಬರುವವರಿಗೆ ಯಾರ ಲಿಸ್ಟೂ ಬೇಕಿಲ್ಲ. ಸೋಮಶೇಖರ ಬಾಗಿಲಲ್ಲೇ ನಿಂತು ನೋಡಿದರು. ಏಳನೇ ಕೋಣೆಯಲ್ಲಿ ಇಂಗೆಗೆರ್ಡ್ ಕಾಲು ಚಾಚಿದರು.

ಈ ಸಲ ಕಾಲುಚೀಲ ಸರಿಯಾಗಿ ಹಾಕಿದೆ.