ನಾನು ತುಂಬಿಸಿಕೊಟ್ಟ ಬಾಟಲಿ

ಗಂಡನ ಹೆಸರು ಬರೆದ ಬಾಟಲಿಗೆ ಮೂರು ವರ್ಷ ನನ್ನ ಉಚ್ಚೆ ಹಿಡಿದುಕೊಟ್ಟವಳು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಾಚಿಕೆಗಿಂತ ದೊಡ್ಡದು ಎದೆಯ ಮೇಲೆ ಕೂತಿರುವಾಗ ಬಾಯಿ ಮುಚ್ಚಿಕೊಂಡು ಏನು ಮಾಡಲಿ?

ನಮ್ಮ ಯಜಮಾನರು ರಾಮಾಂಜಿನಪ್ಪನವರು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕ್ರೇನ್ ಆಪರೇಟರು. ಶೆಡ್ಡಿನ ಸೂರಿನಡಿ ಓಡಾಡುವ ಕ್ರೇನು ಅದು. ಏಣಿ ಹತ್ತಿ ಕ್ಯಾಬಿನ್ನಿನಲ್ಲಿ ಕೂತರೆ ಕೆಳಗಿನವರೆಲ್ಲ ಇವರ ಕೈಯನ್ನೇ ನೋಡಬೇಕು. ಇದೆಲ್ಲ ಶುರುವಾಗುವ ಹೊತ್ತಿಗೆ ಅಲ್ಲಿ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಚಿಕ್ಕಬಾಣಾವರದ ನಮ್ಮ ಬೀದಿಯಲ್ಲಿ ಬರೀ ರಾಮಾಂಜಿನಪ್ಪ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಕ್ರೇನ್ ರಾಮಾಂಜಿನಪ್ಪ ಎನ್ನಬೇಕು. ಸಕ್ಕರೆ ಕಾಯಿಲೆ ಬಂದಾಗ ಇವರು ಹೆದರಿದ್ದು ಕಾಯಿಲೆಗಲ್ಲ, ಚಿನ್ನಪ್ಪನಿಗಾದ ಗತಿಗೆ. ಚಿನ್ನಪ್ಪ ಪಕ್ಕದ ಶೆಡ್ಡಿನ ಆಪರೇಟರು. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಅವನ ಉಚ್ಚೆಯಲ್ಲಿ ಸಕ್ಕರೆ ಸಿಕ್ಕಿತು. ಮೇಲೆ ತಲೆ ಸುತ್ತಿ ಬಂದರೆ ಯಾರು ಹೊಣೆ ಎಂದು ಅವನನ್ನು ಇಳಿಸಿ, ಗೇಟಿನಲ್ಲಿ ಲಾರಿ ನಂಬರು ಬರೆಯಲು ಕೂರಿಸಿದರು.

"ಅನ್ಸೂಯಾ, ನನ್ನೂ ಅಂಗೇ ಇಳಿಸ್ಬಿಟ್ರೆ ನಾನು ಬದುಕಲ್ಲ ಕಣೇ," ಅಂದರು.

ತಪಾಸಣೆಯಲ್ಲಿ ನೋಡುತ್ತಿದ್ದುದು ಕಣ್ಣು, ಬಿಪಿ, ಉಚ್ಚೆ, ಅಷ್ಟೇ. ಹಿಂದಿನ ದಿನವೇ ಬಾಟಲಿ ಕೊಟ್ಟು, ಬೆಳಗಿನ ಮೊದಲನೆಯದನ್ನು ಮನೆಯಿಂದಲೇ ಹಿಡಿದು ತನ್ನಿ ಎನ್ನುತ್ತಿದ್ದರು. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವಳು. "ಕೊಡ್ರೀ ಇಲ್ಲಿ" ಎಂದು ಬಾಟಲಿ ಕಿತ್ತುಕೊಂಡು ಬಚ್ಚಲಿಗೆ ಹೋದೆ. ತುಂಬಿಸಿ ತಂದು ಕೊಟ್ಟರೆ ಇವರು ನಕ್ಕಿದ್ದೇ ನಕ್ಕಿದ್ದು. "ಇಪ್ಪತ್ತೆರಡು ವರ್ಷ ನಾನು ಬೆವರು ಸುರಿಸ್ದೆ, ಈಗ ನಿನ್ ಪಾಳಿ ನೋಡೇ!" ರಿಪೋರ್ಟು ಬಂತು. ಎಲ್ಲ ನಾರ್ಮಲ್.

ಅಲ್ಲಿಗೇ ನಿಂತಿದ್ದರೆ ಕಂಪನಿಗೆ ಮಾತ್ರ ಮೋಸವಾಗುತ್ತಿತ್ತು. ನಿಲ್ಲಲಿಲ್ಲ. ಸಕ್ಕರೆಗೆ ಮಾತ್ರೆ ಬರೆದುಕೊಡುತ್ತಿದ್ದವರು ನಮ್ಮ ಬಡಾವಣೆಯ ಕ್ಲಿನಿಕ್ಕಿನ ಶೇಖರಪ್ಪ ಡಾಕ್ಟರು. ಆ ತಿಂಗಳು ಹೋದಾಗ, "ಶುಗರ್ ಇರೋರು ವರ್ಷಕ್ಕೊಂದ್ಸಲ ಯೂರಿನ್ ಟೆಸ್ಟ್ ಮಾಡಿಸ್ಬೇಕಮ್ಮ, ಮಾಡ್ಸಿದೀರಾ?" ಎಂದು ಕೇಳಿದರು. ಫ್ಯಾಕ್ಟರಿಯ ಅರ್ಧ ಜನ ಅವರ ಹತ್ತಿರವೇ ಬರುವವರು. ಇಲ್ಲಿ ಬಾಯಿ ಬಿಟ್ಟರೆ ಅಲ್ಲಿಗೆ ಮುಟ್ಟುತ್ತದೆ ಎಂದು ನನಗೆ ದಿಗಿಲು. ಚೀಲದಿಂದ ಕಂಪನಿಯ ರಿಪೋರ್ಟನ್ನೇ ತೆಗೆದು ಕೊಟ್ಟೆ. ಡಾಕ್ಟರು ಓದಿ, "ಪ್ರೋಟೀನ್ ಹೋಗ್ತಿಲ್ಲ. ಕಿಡ್ನಿ ಚೆನ್ನಾಗಿದೆ, ಇದೇ ಮಾತ್ರೆ ಸಾಕು," ಎಂದರು.

ಉಚ್ಚೆಯಲ್ಲಿ ಸಕ್ಕರೆ ಬಿಟ್ಟು ಬೇರೇನನ್ನಾದರೂ ಹುಡುಕುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಕಿಡ್ನಿ ನೋಡಿ ಇವರ ಕಿಡ್ನಿ ಚೆನ್ನಾಗಿದೆ ಎಂದರು. ನಾನು ಹೂಂ ಎಂದು ತಲೆಯಾಡಿಸಿ ಬಂದೆ. ಮುಂದಿನ ಎರಡು ವರ್ಷವೂ ಅದೇ ಬಾಟಲಿ, ಅದೇ ರಿಪೋರ್ಟು, ಅದೇ ಹೂಂ.

ಕಣ್ಣಿಗೆ ಕಾಣಲಿಲ್ಲವೇ ಎಂದರೆ, ಕಂಡಿತ್ತು. ಇವರು ಬಚ್ಚಲಿಗೆ ಹೋಗಿಬಂದರೆ ನೊರೆ ಹಾಗೇ ನಿಂತಿರುತ್ತಿತ್ತು. "ಒಂದು ಚೊಂಬು ನೀರು ಹುಯ್ಯೋಕೆ ನಿಮಗೇನ್ರೀ ದಾಡಿ?" ಎಂದು ಬೈಯುತ್ತಿದ್ದೆ. ಹುಯ್ದೆ ಕಣೇ ಎಂದರೆ ನಂಬುತ್ತಿರಲಿಲ್ಲ. ಸಂಜೆ ಬೂಟು ಬಿಚ್ಚಿದರೆ ಕಾಲು ಊದಿಕೊಂಡಿರುತ್ತಿತ್ತು. ದಿನವಿಡೀ ಕಾಲು ಇಳಿಬಿಟ್ಟು ಕೂರುತ್ತಾರಲ್ಲ, ಅದಕ್ಕೇ ಎಂದುಕೊಂಡು ಬಿಸಿನೀರು ಕಾಯಿಸಿ ಕೊಡುತ್ತಿದ್ದೆ. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಪೀಣ್ಯಕ್ಕೆ ಮೆಟ್ರೋ ಬಂದ ವರ್ಷ, ಒಂದು ಮಂಗಳವಾರ ಬೆಳಗ್ಗೆ ಏಣಿಯ ನಡುವೆ ಇವರ ಕೈಕಾಲು ಸೋತವು. ಎದೆನೋವು ಇಲ್ಲ, ಏನಿಲ್ಲ, ಬರೀ ಬೆವರು, ಮೇಲುಸಿರು. ಜೊತೆಗಾರ ದ್ಯಾಮಣ್ಣ ಹೆಗಲು ಕೊಟ್ಟು ಇಳಿಸಿ ಆಸ್ಪತ್ರೆಗೆ ಸೇರಿಸಿದ. ಹಾರ್ಟ್ ಅಟ್ಯಾಕ್ ಅಂದರು. ಸಕ್ಕರೆ ಇರುವವರಿಗೆ ಕೆಲವು ಸಲ ನೋವೇ ಗೊತ್ತಾಗುವುದಿಲ್ಲವಂತೆ.

ಮೂರನೆಯ ದಿನ ಇವರನ್ನು ವಾರ್ಡಿಗೆ ತಂದರು. ಅಲ್ಲಿಯ ಡಾಕ್ಟರಮ್ಮ ನನ್ನನ್ನೂ ಮಗಳು ವೇಣಿಯನ್ನೂ ರೂಮಿಗೆ ಕರೆದರು. ಮೇಜಿನ ಮೇಲೆ ನಾನೇ ತಂದುಕೊಟ್ಟ ಫೈಲು.

"ಕಿಡ್ನಿ ತುಂಬ ಡೌನ್ ಆಗಿದೆ. ಆದ್ರೆ ಹೋದ ವರ್ಷದವರೆಗೂ ರಿಪೋರ್ಟ್ ಕ್ಲೀನ್ ಇದೆಯಲ್ಲ, ಹಾಗಾಗಿ ಇದು ಹಾರ್ಟ್ ಹೊಡೆತಕ್ಕೆ ಈಗ ಆಗಿರೋದು. ಚೇತರಿಸ್ಕೊಳ್ಳೋ ಚಾನ್ಸ್ ಇದೆ," ಎಂದರು.

ವೇಣಿ ನನ್ನ ಕೈ ಹಿಡಿದು ಅತ್ತಳು. "ಅಮ್ಮಾ, ಅಪ್ಪ ಸರಿಹೋಗ್ತಾರಂತೆ ಕಣಮ್ಮಾ!"

ಸುಮ್ಮನಿದ್ದುಬಿಡಬಹುದಿತ್ತು. ಆ ಹುಡುಗಿ ಮೂರು ದಿನದಿಂದ ಒಂದು ತುತ್ತು ತಿಂದಿರಲಿಲ್ಲ. ಆದರೆ ಡಾಕ್ಟರಮ್ಮ ಆ ರಿಪೋರ್ಟನ್ನೇ ನಂಬಿ ಔಷಧಿ ಬರೆಯಲು ಪೆನ್ನು ತೆಗೆದರು. ಇನ್ನೊಂದು ಸಲ ಹೂಂ ಎನ್ನಲು ನನ್ನಿಂದ ಆಗಲಿಲ್ಲ.

"ಮೇಡಂ, ಅದು ಇವರದಲ್ಲ. ಮೂರು ವರ್ಷದ್ದೂ ನನ್ನದು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ನೊರೆಯನ್ನೂ ಹೇಳಿದೆ, ಕಾಲು ಊತವನ್ನೂ ಹೇಳಿದೆ. ವೇಣಿ ನಿಧಾನವಾಗಿ ನನ್ನ ಕೈ ಬಿಟ್ಟಳು.

"ಹಾಗಾದ್ರೆ ಇದು ಹಳೇದು, ಆ ನೊರೆಯೇ ಪ್ರೋಟೀನ್," ಎಂದು ಡಾಕ್ಟರಮ್ಮ ಫೈಲು ಮುಚ್ಚಿದರು. "ಶುಗರ್ ಇರೋರಿಗೆ ಕಿಡ್ನಿ ಸೋರೋಕೆ ಶುರುವಾದ್ರೆ ಹಾರ್ಟಿಗೂ ಅಪಾಯ ಇದೆ ಅಂತಲೇ ಲೆಕ್ಕ ಅಮ್ಮ. ಆಗಲೇ ಗೊತ್ತಾಗಿದ್ರೆ ಎರಡಕ್ಕೂ ಮಾತ್ರೆ ಇತ್ತು. ಈಗ ಡಯಾಲಿಸಿಸ್ ಬೇಕಾಗುತ್ತೆ, ಅದನ್ನ ಈ ಹಾರ್ಟ್ ತಡ್ಕೊಳ್ಳುತ್ತೋ ಇಲ್ವೋ, ನಾನು ಭರವಸೆ ಕೊಡಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ವೇಣಿ ಎದ್ದು ಮೆಟ್ಟಿಲ ಕಡೆ ಹೊರಟುಹೋದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಒಲೆಯಲ್ಲಿ ಈಗ ನಾನೇ ಬೇಯಬೇಕು.

ವಾರ್ಡಿಗೆ ಬಂದರೆ ಇವರ ಮುಖ ಅರಳಿತ್ತು. ಆಗತಾನೆ ದ್ಯಾಮಣ್ಣ ಬಂದು ಹೋಗಿದ್ದನಂತೆ.

"ಸಾಹೇಬ್ರು ಹೇಳವ್ರಂತೆ, ರಾಮಾಂಜಿನಪ್ಪಂದು ಮೆಡಿಕಲ್ ಎಲ್ಲ ಕ್ಲೀನಾಗೈತೆ, ಸೀಟು ಅವ್ನಿಗೇ ಇರ್ಲಿ ಅಂತ," ಎಂದರು. ಏದುಸಿರಿನ ನಡುವೆಯೇ ನನ್ನ ಸೆರಗು ಹಿಡಿದುಕೊಂಡರು. "ಎಲ್ಲಾ ನಿನ್ ದೆಸೆಯಿಂದ ಕಣೇ ಅನ್ಸೂಯಾ. ನೀನಿಲ್ದಿದ್ರೆ ನಾನೂ ಗೇಟಲ್ಲೇ ಕೂತಿರ್ತಿದ್ದೆ."

ಗೇಟಿನಲ್ಲಿ ಚಿನ್ನಪ್ಪ ಈಗಲೂ ಲಾರಿ ನಂಬರು ಬರೆಯುತ್ತಿದ್ದಾನೆ. ಗಟ್ಟಿಯಾಗಿದ್ದಾನೆ. ಮೊನ್ನೆ ಇವರನ್ನು ಆಸ್ಪತ್ರೆಗೆ ತಂದ ಕಾರಿಗೆ ಗೇಟು ತೆಗೆದವನೂ ಅವನೇ.

ಅಷ್ಟರಲ್ಲಿ ನರ್ಸು ಬಂದು ಒಂದು ಬಾಟಲಿ ನನ್ನ ಕೈಗಿಟ್ಟಳು. "ಅಮ್ಮಾ, ಯೂರಿನ್ ಸ್ಯಾಂಪಲ್ ಬೇಕು. ಹಿಡಿದುಕೊಡಿ." ಬಾಟಲಿಯ ಮೇಲೆ ಇವರ ಹೆಸರು ಬರೆದ ಚೀಟಿ ಅಂಟಿಸಿತ್ತು.

ಅವಳು ಆಚೆ ಹೋಗುವವರೆಗೂ ಕಾದು ಇವರು ಕಣ್ಣು ಹೊಡೆದರು. "ಓಗು, ತುಂಬ್ಸಿಕೊಂಡ್ ಬಾ."

"ಇಲ್ಲ ಕಣ್ರೀ," ಎಂದೆ. "ಈ ಸಲ ನಿಮ್ಮದೇ ಬೇಕಂತೆ."

ಪರದೆ ಎಳೆದು, ಮಂಚದ ಅಂಚಿನಲ್ಲಿ ಕೂರಿಸಿ, ಬೆನ್ನಿಗೆ ಹೆಗಲು ಕೊಟ್ಟು ಬಾಟಲಿ ಹಿಡಿದೆ. ಎಷ್ಟು ಹೊತ್ತು ಹಿಡಿದೆನೋ. ಕಡೆಗೆ ತಳ ಮುಚ್ಚುವಷ್ಟು ಬಂತು. ಅದರ ಮೇಲೆಲ್ಲ ನೊರೆ.